ಪಡಸಾಲೆಯ ಕಂಪ್ಯೂಟರು ಅಡುಗೆಮನೆಗೂ ಸಿಗಲಿ!

"ಅಕ್ಕಾ, ಪಡಸಾಲೇಲಿ ಗಿರಾಕಿಗಳು ಕೂತವ್ರೆ. ಅವ್ರ ಎದುರಿಗೆ ಹೋಗಿ ಕಂಪ್ಯೂಟರ್ ಮುಂದೆ ಹೆಂಗೆ ಕೂತ್ಕೊಳ್ಳಲಿ? ಅವ್ರು ಎದ್ದ ಮೇಲೆ ಫೋಟೋ ಕಳಿಸ್ತೀನಿ ಇರು..."

ಮೊಳಕಾಲ್ಮುರುವಿನ ನನ್ನ ತಂಗಿಯ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ! ನಾನಿರೋದು ಚಳ್ಳಕೆರೆಯಲ್ಲಿ. ನಮ್ಮ ಬೀದಿಯಲ್ಲಿ ಯಾರ ಮನೇಲಿ ಮದುವೆ, ಗೃಹಪ್ರವೇಶ ಇದ್ದರೂ "ನಿಮ್ಮ ತಂಗಿ ಹತ್ರ ರೇಷ್ಮೆ ಸೀರೆ ಯಾವ್ದಿದೆ ತೋರಿಸ್ರೀ" ಅಂತ ನನ್ನ ಬಳಿ ಬರ್ತಾರೆ. ನಾನು ಅವಳಿಗೆ ಫೋನ್ ಮಾಡಬೇಕು, ಅವಳು ಫೋಟೋ ಕಳಿಸಬೇಕು. ಅವಳು ಕಳಿಸುವಷ್ಟರಲ್ಲಿ ಇವರು ಬೇರೆ ಕಡೆ ಸೀರೆ ತೆಗೆದು, ಕುಚ್ಚು ಹಾಕೋಕೂ ಕೊಟ್ಟು ಬಂದಿರುತ್ತಾರೆ!

ತಂಗಿ ಸೇರಿದ್ದು ಮಗ್ಗದ ಮನೆ. ಮೊಳಕಾಲ್ಮುರು ಸೀರೆಗೆ ಜಿಐ ಮಾನ್ಯತೆ ಇರೋದು ನಿಮಗೆ ಗೊತ್ತಲ್ಲ, ಆ ಸೀರೆಯ ವ್ಯಾಪಾರವೇ ಅವರ ಜೀವನ. ಪಡಸಾಲೆಯ ಮೂಲೆಯಲ್ಲಿ ಒಂದು ಕಂಪ್ಯೂಟರ್. ನೂಲು ಎಷ್ಟು ಬಂತು, ಯಾರಿಗೆ ಎಷ್ಟು ಕೂಲಿ, ಯಾವ ಅಂಗಡಿಯಿಂದ ಎಷ್ಟು ಬಾಕಿ, ಎಲ್ಲ ಅದರಲ್ಲೇ. ಹನ್ನೆರಡು ವರ್ಷದಿಂದ ನೇಯ್ದ ಸೀರೆಗಳ ಫೋಟೋ ಅದರಲ್ಲೇ. ಅವಳ ಅತ್ತೆ ಗ್ರಾಫ್ ಹಾಳೆಯ ಚೌಕಗಳಲ್ಲಿ ಪೆನ್ಸಿಲ್‌ನಿಂದ ತುಂಬಿಟ್ಟ ಬುಟ್ಟಾ, ಅಂಚು, ಸೆರಗಿನ ನಕ್ಷೆಗಳ ಸ್ಕ್ಯಾನ್ ಕೂಡ ಅದರಲ್ಲೇ. ಆ ಹಾಳೆಗಳಿಗೆ ಒಂದು ಮಳೆಗಾಲದಲ್ಲಿ ಗೆದ್ದಲು ಹಿಡಿದಿತ್ತು. ಅದಕ್ಕೆ ಮುಂಚೆ ಸ್ಕ್ಯಾನ್ ಮಾಡಿಸಿದ್ದು ಪುಣ್ಯ. ಅಂದರೆ ಆ ನಕ್ಷೆಗಳು ಈ ಭೂಮಿಯ ಮೇಲೆ ಉಳಿದಿದ್ದದ್ದು ಆ ಒಂದು ಡಬ್ಬದಲ್ಲಿ ಮಾತ್ರ.

ತಂಗಿಯ ಕೈಗೆ ಒಂದು ಲ್ಯಾಪ್‌ಟಾಪ್ ಬಂದ ಮೇಲೆ ಅವಳು ಒಳಮನೆಯಿಂದಲೇ ವಾಟ್ಸಾಪ್‌ನಲ್ಲಿ ಸೀರೆ ಮಾರೋಕೆ ಶುರು ಮಾಡಿದಳು. ಆದರೆ ಫೋಟೋ ಇರೋದು ಪಡಸಾಲೆಯಲ್ಲಿ! ಮೈದುನ ಲೆಕ್ಕ ಮುಗಿಸಿ ಏಳಬೇಕು, ಮಾವನವರು ಆಚೆ ಹೋಗಬೇಕು, ಗಿರಾಕಿ ಇರಬಾರದು. ಆಗ ಸೆರಗು ಸರಿಮಾಡಿಕೊಂಡು, ಪೆನ್‌ಡ್ರೈವ್ ಹಿಡಿದು ಓಡಬೇಕು. ಆ ಪೆನ್‌ಡ್ರೈವ್ ಬೇರೆ ಊರೆಲ್ಲ ಸುತ್ತಿ ವೈರಸ್ ಹೊತ್ತು ತರುತ್ತಿತ್ತು.

ಅಂದ್ಹಾಗೆ, 2023ರ ಏಪ್ರಿಲ್ 2ರಂದು ನಮ್ಮ ಚಳ್ಳಕೆರೆ ಹತ್ತಿರದ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ ಇಸ್ರೋದವರು ಒಂದು ಪುಟ್ಟ ವಿಮಾನದಂಥ ವಾಹನವನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು. ಅದು ತನ್ನಷ್ಟಕ್ಕೆ ತಾನೇ ದಾರಿ ಹುಡುಕಿಕೊಂಡು ಬಂದು ರನ್‌ವೇ ಮೇಲೆ ಇಳಿಯಿತು. ಅದೇ ವಾರ ನನ್ನ ತಂಗಿ ಒಂದು ಸೀರೆಯ ಫೋಟೋವನ್ನು ಪಡಸಾಲೆಯಿಂದ ಅಡುಗೆಮನೆಗೆ ತರಲಾರದೆ ಒದ್ದಾಡುತ್ತಿದ್ದಳು. ನನಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. ಮಕ್ಕಳಿಗೆ ಬೇಸಿಗೆ ರಜೆ ಬಂದಿತ್ತು, ಬಸ್ ಹತ್ತಿ ಹೊರಟೇಬಿಟ್ಟೆ.

ನಡುಮನೆ ಬೇರೆ, ಬೀದಿ ಬಾಗಿಲು ಬೇರೆ

ನಿಮ್ಮ ಮನೆಯಲ್ಲಿ ವೈಫೈ ಇದೆಯಾ? ಎರಡು ಕಂಪ್ಯೂಟರ್ ಇದೆಯಾ? ಹಾಗಾದರೆ ಒಂದರಲ್ಲಿರುವ ಫೈಲನ್ನು ಇನ್ನೊಂದರಿಂದ ತೆಗೆಯೋಕೆ ಒಂದು ಪೈಸೆಯ ಸಾಮಾನೂ ಕೊಳ್ಳಬೇಕಿಲ್ಲ. ಕಂಪನಿಯವರು ಮೂಲೆಯಲ್ಲಿ ಕೂರಿಸಿ ಹೋದ ಆ ದೀಪ ಮಿನುಗುವ ಪೆಟ್ಟಿಗೆ ಇದೆಯಲ್ಲ, ರೂಟರ್, ಅದೇ ಸಾಕು.

ರೂಟರನ್ನು ನಡುಮನೆ ಅಂದುಕೊಳ್ಳಿ. ಅಡುಗೆಮನೆ, ದೇವರಮನೆ, ಮಲಗುವ ಕೋಣೆ, ಎಲ್ಲದರ ಬಾಗಿಲೂ ನಡುಮನೆಗೇ ತೆರೆದುಕೊಳ್ಳುತ್ತೆ. ಮನೆಯ ಕಂಪ್ಯೂಟರ್, ಲ್ಯಾಪ್‌ಟಾಪ್, ಮೊಬೈಲು, ಟೀವಿ ಕೂಡ ಹಾಗೇ ರೂಟರಿಗೆ ಸೇರಿಕೊಂಡಿರುತ್ತವೆ. ಇದಕ್ಕೇ ಲೋಕಲ್ ನೆಟ್‌ವರ್ಕ್ ಅನ್ನೋದು. ಇಂಟರ್ನೆಟ್ ಅನ್ನೋದು ಬೀದಿ ಬಾಗಿಲು. ಬೀದಿ ಬಾಗಿಲು ಹಾಕಿದ್ದರೆ ಅಡುಗೆಮನೆಯಿಂದ ದೇವರಮನೆಗೆ ಹೋಗೋಕೆ ಆಗಲ್ವಾ? ಹಾಗೆಯೇ ನೆಟ್ ಪ್ಯಾಕ್ ಮುಗಿದಿರಲಿ, ಕೇಬಲ್ ತುಂಡಾಗಿರಲಿ, ಮನೆಯೊಳಗೆ ಫೈಲು ಓಡಾಡುತ್ತೆ. ಕರೆಂಟ್ ಒಂದು ಇರಬೇಕು ಅಷ್ಟೆ. ಯುಪಿಎಸ್ ಇದ್ದರೆ ರೂಟರಿನ ಪ್ಲಗ್ಗನ್ನೂ ಅದಕ್ಕೇ ಸಿಕ್ಕಿಸಿ.

ಇದೇನು ಹೊಸದಲ್ಲ. ವಿಂಡೋಸ್ 95ರಲ್ಲೇ 'ನೆಟ್‌ವರ್ಕ್ ನೇಬರ್‌ಹುಡ್' ಅಂತ ಒಂದು ಚಿತ್ರ ಪರದೆ ಮೇಲೆ ಇರುತ್ತಿತ್ತು, ಎಕ್ಸ್‌ಪಿಯಲ್ಲಿ ಅದು 'ಮೈ ನೆಟ್‌ವರ್ಕ್ ಪ್ಲೇಸಸ್' ಆಯಿತು. ನಾನು ಬಿಎ ಓದುವಾಗ ನಾವು ಹುಡುಗಿಯರು ಹೋಗುತ್ತಿದ್ದ ಬ್ರೌಸಿಂಗ್ ಸೆಂಟರಿನಲ್ಲಿ ಎಲ್ಲ ಕಂಪ್ಯೂಟರೂ ಹೀಗೇ ಒಂದಕ್ಕೊಂದು ಸೇರಿದ್ದವು. ಒಬ್ಬ ಗೆಳತಿ ತನ್ನ ಬಯೋಡೇಟಾ ಟೈಪ್ ಮಾಡಿ ಅಲ್ಲೇ ಒಂದು ಫೋಲ್ಡರಿನಲ್ಲಿಟ್ಟು ಬಂದಳು. ಮಾರನೇ ದಿನದಿಂದ ಅವಳ ಮನೆಯ ಫೋನಿಗೆ ಯಾರ್ಯಾರದೋ ಕರೆ. ಪಕ್ಕದ ಕ್ಯಾಬಿನ್ನಿನವರಿಗೂ ಆ ಫೋಲ್ಡರ್ ಕಾಣುತ್ತೆ ಅಂತ ನಮಗೇನು ಗೊತ್ತಿತ್ತು? ಪಾಪ, ಅವಳ ಅಪ್ಪ ಫೋನಿನ ತಂತಿಯನ್ನೇ ಕಿತ್ತಿಟ್ಟರು. ಈ ಕತೆ ನೆನಪಿರಲಿ, ಮುಂದೆ ಬೇಕಾಗುತ್ತೆ.

ಮಾಡೋದು ಹೇಗೆ?

ಫೈಲು ಇರುವ ಕಂಪ್ಯೂಟರನ್ನು 'ದೊಡ್ಡದು' ಅನ್ನೋಣ, ನೋಡಬೇಕಾದ್ದನ್ನು 'ಚಿಕ್ಕದು' ಅನ್ನೋಣ. ಕೆಲಸ ಹೆಚ್ಚಿರೋದು ದೊಡ್ಡದರಲ್ಲಿ. ನಾನು ಹೇಳೋದು ವಿಂಡೋಸ್ 10, 11ಕ್ಕೆ. ಮಾತುಗಳು ಅಲ್ಲಲ್ಲಿ ಹಿಂದುಮುಂದಾಗಿ ಕಂಡರೆ ಗಾಬರಿಯಾಗಬೇಡಿ.

ಮೊದಲು ಸೆಟ್ಟಿಂಗ್ಸ್‌ನಲ್ಲಿ 'ನೆಟ್‌ವರ್ಕ್ ಅಂಡ್ ಇಂಟರ್ನೆಟ್' ತೆರೆದು, ನಿಮ್ಮ ವೈಫೈ ಹೆಸರಿನ ಗುಣಲಕ್ಷಣ, ಅಂದರೆ ಪ್ರಾಪರ್ಟೀಸ್ ನೋಡಿ. ಅಲ್ಲಿ 'ಪಬ್ಲಿಕ್' ಅಂತಿದ್ದರೆ 'ಪ್ರೈವೇಟ್' ಮಾಡಿ. ಪಬ್ಲಿಕ್ ಅಂದರೆ ಕಂಪ್ಯೂಟರು ತಾನು ಬಸ್‌ಸ್ಟ್ಯಾಂಡಿನಲ್ಲಿದ್ದೇನೆ ಅಂದುಕೊಂಡು ಮುಸುಕು ಹಾಕಿಕೊಂಡಿದೆ ಅಂತ. ಪ್ರೈವೇಟ್ ಅಂದರೆ ಮನೆಯಲ್ಲಿದ್ದೇನೆ, ಮನೆಯವರಿಗೆ ಮುಖ ತೋರಿಸಬಹುದು ಅಂತ. ಎರಡೂ ಕಂಪ್ಯೂಟರಿನಲ್ಲಿ ಹೀಗೆ ಮಾಡಿ. ಆಮೇಲೆ 'ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್' ಹುಡುಕಿ. ಅಲ್ಲಿ ಪ್ರೈವೇಟ್ ಅನ್ನುವ ಕಡೆ 'ನೆಟ್‌ವರ್ಕ್ ಡಿಸ್ಕವರಿ', 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಎರಡನ್ನೂ ಆನ್ ಮಾಡಿ. ಅದೇ ಪುಟದಲ್ಲಿ 'ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್' ಅಂತ ಒಂದಿದೆ. ಅದು ಆನ್ ಇರಲಿ, ಮುಟ್ಟಬೇಡಿ. "ಅದನ್ನ ಆಫ್ ಮಾಡಿದ್ರೆ ಸಲೀಸು" ಅಂತ ಹೇಳೋ ಹುಡುಗರು ಬೇಕಾದಷ್ಟು ಸಿಗ್ತಾರೆ. ಬೀಗ ತೆಗೆದಿಟ್ಟರೆ ಬಾಗಿಲು ಸಲೀಸಾಗಿ ತೆರೆಯುತ್ತೆ, ನಿಜ!

ಇನ್ನು ದೊಡ್ಡ ಕಂಪ್ಯೂಟರಿನಲ್ಲಿ ನಿಮಗಾಗಿ ಒಂದು ಪುಟ್ಟ ಖಾತೆ ತೆರೆಯಬೇಕು. ಸೆಟ್ಟಿಂಗ್ಸ್, ಅಕೌಂಟ್ಸ್, ಅದರಲ್ಲಿ 'ಅದರ್ ಯೂಸರ್ಸ್'. ಅಕೌಂಟ್ ಸೇರಿಸು ಅಂದರೆ ಅದು ಇಮೇಲ್ ಕೇಳುತ್ತೆ. ಕೊಡಬೇಡಿ. ಈ ವ್ಯಕ್ತಿಯ ವಿವರ ನನ್ನಲ್ಲಿಲ್ಲ ಅನ್ನುವ ಸಾಲು ಒತ್ತಿ, ಮುಂದಿನ ಪುಟದಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದೆ ಸೇರಿಸು ಅನ್ನುವುದನ್ನು ಒತ್ತಿ. ಒಂದು ಹೆಸರು, ಒಂದು ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಖಾಲಿ ಬಿಟ್ಟರೆ ಆ ಹೆಸರಲ್ಲಿ ಬೇರೆ ಕಂಪ್ಯೂಟರಿನಿಂದ ಒಳಗೆ ಬರೋಕೆ ವಿಂಡೋಸ್ ಬಿಡುವುದೇ ಇಲ್ಲ.

ಈಗ ಬೇಕಾದ ಫೋಲ್ಡರಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಮೇಲ್ಗಡೆ 'ಶೇರಿಂಗ್', ಅದರಲ್ಲಿ 'ಶೇರ್' ಬಟನ್. ಹೆಸರುಗಳ ಪಟ್ಟಿಯಿಂದ ನಿಮ್ಮ ಖಾತೆಯನ್ನು ಆರಿಸಿ ಸೇರಿಸಿ. ಅದರ ಎದುರಿಗೆ 'ರೀಡ್' ಮತ್ತು 'ರೀಡ್/ರೈಟ್' ಅಂತ ಎರಡು ಇರುತ್ತೆ. ರೀಡ್ ಅಂದರೆ ನೋಡಬಹುದು, ತನ್ನ ಕಡೆ ಪ್ರತಿ ತೆಗೆದುಕೊಳ್ಳಬಹುದು. ರೀಡ್/ರೈಟ್ ಅಂದರೆ ತಿದ್ದಲೂಬಹುದು, ಅಳಿಸಲೂಬಹುದು. ಸದ್ಯಕ್ಕೆ ರೀಡ್ ಇಟ್ಟು ಮುಗಿಸಿ. ಹೊರಡುವ ಮುಂಚೆ ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್‌ನಲ್ಲಿ ಆ ಕಂಪ್ಯೂಟರಿನ ಹೆಸರು ಬರೆದುಕೊಳ್ಳಿ. ಕಂಪನಿಯವರು ಕೊಟ್ಟಿರೋ ಹೆಸರು ಮಗ್ಗಿಪುಸ್ತಕದ ಥರ ಇರುತ್ತೆ. ಅಲ್ಲೇ ಚಿಕ್ಕ ಹೆಸರು ಇಟ್ಟುಬಿಡಬಹುದು. ತಂಗಿ ತನ್ನ ಮನೆಯದಕ್ಕೆ ಪಡಸಾಲೆ ಅಂತಲೇ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟಿದ್ದಾಳೆ!

ಚಿಕ್ಕದರ ಬಳಿ ಬನ್ನಿ. ಯಾವುದಾದರೂ ಫೋಲ್ಡರ್ ತೆರೆದು ಮೇಲಿನ ವಿಳಾಸದ ಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಒತ್ತಿ, ಅಂದರೆ ಎಡಕ್ಕೆ ತಲೆವಾಲಿದ ಗೀಟು, ಅದರ ಬೆನ್ನಿಗೇ ದೊಡ್ಡ ಕಂಪ್ಯೂಟರಿನ ಹೆಸರು ಬರೆದು ಎಂಟರ್. ಹೆಸರು, ಪಾಸ್‌ವರ್ಡ್ ಕೇಳುತ್ತೆ. ಆಗಲೇ ಮಾಡಿಟ್ಟ ಖಾತೆಯದನ್ನು ಕೊಟ್ಟು, ನೆನಪಿಟ್ಟುಕೋ ಅನ್ನುವ ಕಡೆ ಟಿಕ್ ಮಾಡಿ. ಬಂತು ನೋಡಿ ಫೋಲ್ಡರ್! ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಮ್ಯಾಪ್ ನೆಟ್‌ವರ್ಕ್ ಡ್ರೈವ್' ಅಂದರೆ ಅದು ನಿಮ್ಮ ಸಿ, ಡಿ ಡ್ರೈವಿನ ಪಕ್ಕದಲ್ಲೇ ಝಡ್ ಅಂತ ಕೂತಿರುತ್ತೆ. ದಿನಾ ಬ್ಯಾಕ್‌ಸ್ಲ್ಯಾಶ್ ಹುಡುಕಬೇಕಿಲ್ಲ.

ಮೊಳಕಾಲ್ಮುರುವಿನಲ್ಲಿ ಮೊದಲ ಸಲ ಝಡ್ ತೆರೆದು ಸೀರೆಗಳ ಫೋಟೋ ಸಾಲಾಗಿ ಮೂಡಿದಾಗ ತಂಗಿ ಒಲೆ ಮೇಲಿದ್ದ ಹಾಲನ್ನೂ ಮರೆತಳು. ಅದು ಉಕ್ಕಿ ಚೆಲ್ಲಿತು. ಅವಳ ಅತ್ತೆ, "ಹಾಲು ಉಕ್ಕಿದ್ದು ಒಳ್ಳೇದೇ ಬಿಡವ್ವ" ಅಂದರು. ನಾನು ಚಳ್ಳಕೆರೆಗೆ ವಾಪಸ್ ಬಂದ ದಿನವೇ ಫೋನ್, "ಅಕ್ಕಾ, ಈಗ ನಿನ್ನ ಕಂಪ್ಯೂಟರಿಗೂ ಕಾಣುತ್ತಾ ನೋಡು!" ಇಲ್ಲ ಕಣೇ, ಕಾಣಲ್ಲ. ನಿಮ್ಮ ನಡುಮನೆ ನಿಮ್ಮದು, ನಮ್ಮದು ನಮ್ಮದು. ಎರಡು ಊರಿನ ಮಧ್ಯೆ ಬೀದಿ ಬಾಗಿಲು ದಾಟಲೇಬೇಕು, ಅದಕ್ಕೆ ವಾಟ್ಸಾಪ್, ಇಮೇಲ್, ಗೂಗಲ್ ಡ್ರೈವ್ ಇವೆ. ಮನೆಯ ಫೋಲ್ಡರನ್ನು ನೇರವಾಗಿ ಹೊರಗಿನಿಂದ ಕಾಣುವ ಹಾಗೆ ರೂಟರಿನಲ್ಲಿ ಕಿಂಡಿ ಕೊರೆದುಕೊಡ್ತೀನಿ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಆ ಕಿಂಡಿಯಲ್ಲಿ ನೀವೊಬ್ಬರೇ ಇಣುಕೋದಿಲ್ಲ.

ಬರಲಿಲ್ಲವಾ?

"ಬೆಳಿಗ್ಗೆ ಬರ್ತಿತ್ತು, ಮಧ್ಯಾಹ್ನ ಊಟ ಆದ್ಮೇಲೆ ಬರ್ತಿಲ್ಲ." ಇದು ತಂಗಿಯ ಮೊದಲ ದೂರು. ಊಟ ಆದ ಮೇಲೆ ಮನೆಯವರ ಜೊತೆ ಕಂಪ್ಯೂಟರೂ ಮಲಗಿತ್ತು! ದೊಡ್ಡದು ಎಚ್ಚರ ಇದ್ದರೆ ಮಾತ್ರ ಚಿಕ್ಕದಕ್ಕೆ ಫೈಲ್ ಸಿಗೋದು. ಪವರ್ ಸೆಟ್ಟಿಂಗ್ಸ್‌ನಲ್ಲಿ 'ಸ್ಲೀಪ್' ಅನ್ನುವುದನ್ನು 'ನೆವರ್' ಮಾಡಿ. ಪರದೆ ಆರಿದರೆ ತೊಂದರೆ ಇಲ್ಲ, ಆರಲಿ.

ಪಾಸ್‌ವರ್ಡ್ ಸರಿ ಕೊಟ್ಟರೂ ತಪ್ಪು ಅನ್ನುತ್ತಿದ್ದರೆ, ನೀವು ಪಿನ್ ಕೊಡುತ್ತಿದ್ದೀರಾ ನೋಡಿ. ಬೆಳಿಗ್ಗೆ ಕಂಪ್ಯೂಟರ್ ತೆರೆಯೋಕೆ ಒತ್ತುವ ನಾಲ್ಕಂಕಿಯ ಪಿನ್ ಆ ಒಂದು ಯಂತ್ರಕ್ಕೆ ಮಾತ್ರ. ನೆಟ್‌ವರ್ಕಿನಲ್ಲಿ ಅದು ನಡೆಯಲ್ಲ, ಪಾಸ್‌ವರ್ಡೇ ಬೇಕು. ನಾನು ಇದೊಂದಕ್ಕೇ ಇಡೀ ಭಾನುವಾರ ಕಳೆದುಕೊಂಡಿದ್ದೇನೆ.

ಹೆಸರು ಹಾಕಿದರೆ ಸಿಗದೆ ಹೋದಾಗ ಹೆಸರಿನ ಬದಲು ಅಂಕಿ ಹಾಕಿ ನೋಡಬಹುದು. ದೊಡ್ಡ ಕಂಪ್ಯೂಟರಿನ ನೆಟ್‌ವರ್ಕ್ ವಿವರದಲ್ಲಿ ಐಪಿವಿ4 ವಿಳಾಸ ಅಂತ 192.168.1.5ರ ಥರ ಒಂದು ಸಂಖ್ಯೆ ಇರುತ್ತೆ, ಎರಡು ಬ್ಯಾಕ್‌ಸ್ಲ್ಯಾಶ್ ಆದ ಮೇಲೆ ಅದನ್ನೇ ಬರೆಯಿರಿ. ಈ ಅಂಕಿಯನ್ನು ರೂಟರ್ ಹಂಚೋದು, ಆಗಾಗ ಬದಲಾಗಬಹುದು. ಇವತ್ತು ಬಂದದ್ದು ನಾಳೆ ಬರದಿದ್ದರೆ ಮತ್ತೊಮ್ಮೆ ನೋಡಿಕೊಳ್ಳಿ.

ಎರಡೂ ಕಂಪ್ಯೂಟರಿನ ಅಂಕಿಯ ಮೊದಲ ಮೂರು ತುಂಡು ಬೇರೆ ಬೇರೆಯಾಗಿದ್ದರೆ? ಉದಾಹರಣೆಗೆ ಒಂದು 192.168.1, ಇನ್ನೊಂದು 192.168.0? ಹಾಗಿದ್ದರೆ ಬಹುಪಾಲು ಮನೆಯಲ್ಲಿ ಎರಡು ರೂಟರ್ ಇರುತ್ತೆ. ಮಹಡಿಗೆ ಸಿಗ್ನಲ್ ಸಾಲದು ಅಂತ ಇನ್ನೊಂದು ತಂದು ಸಿಕ್ಕಿಸಿರುತ್ತಾರೆ, ಅದು ತನ್ನದೇ ಇನ್ನೊಂದು ನಡುಮನೆ ಕಟ್ಟಿಕೊಂಡಿರುತ್ತೆ. ಅದನ್ನು ಬರೀ 'ಆಕ್ಸೆಸ್ ಪಾಯಿಂಟ್' ಆಗಿ ಬದಲಾಯಿಸಿಕೊಡಿ ಅಂತ ಕೂರಿಸಿದವರಿಗೇ ಹೇಳಿ.

ಮೊಬೈಲಿನಿಂದ ನೋಡೋಕೂ ಆಗುತ್ತೆ. ಐಫೋನಿನ 'ಫೈಲ್ಸ್' ಒಳಗೆ 'ಕನೆಕ್ಟ್ ಟು ಸರ್ವರ್' ಇದೆ. ಆಂಡ್ರಾಯ್ಡ್‌ನಲ್ಲಿ ಎಸ್‌ಎಂಬಿ ಅನ್ನುವ ಸೌಲಭ್ಯ ಇರುವ ಫೈಲ್ ಮ್ಯಾನೇಜರ್ ಬೇಕು. ಅದೇ ಅಂಕಿ, ಅದೇ ಹೆಸರು, ಅದೇ ಪಾಸ್‌ವರ್ಡ್.

ಬಾಡಿಗೆಯವರಿಗೂ ಕಾಣುತ್ತಿತ್ತು!

ಇದು ನನ್ನ ಮನೆಯ ಕತೆ. ನಮ್ಮ ಮಹಡಿಯಲ್ಲಿ ಬಾಡಿಗೆಗೆ ಒಂದು ಕುಟುಂಬ ಇದೆ. ಒಳ್ಳೆಯವರು. "ಇಬ್ಬರೂ ಬೇರೆ ಬೇರೆ ನೆಟ್ ಯಾಕೆ ಹಾಕಿಸೋದು ಆಂಟಿ, ಅರ್ಧ ದುಡ್ಡು ಕೊಡ್ತೀವಿ" ಅಂದರು. ವೈಫೈ ಪಾಸ್‌ವರ್ಡ್ ಕೊಟ್ಟೆವು. ಒಂದು ದಿನ ಆ ಮನೆಯ ಹುಡುಗಿ ಕೆಳಗೆ ಬಂದು ಸಂಕೋಚದಿಂದ, "ಆಂಟಿ, ಬೇಜಾರು ಮಾಡ್ಕೋಬೇಡಿ, ನಿಮ್ಮ ಫೋಟೋಗಳೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿ ಕಾಣ್ತಿವೆ" ಅಂದಳು. ನನ್ನ ಎದೆ ಧಸಕ್ ಅಂತು. ಫೋಟೋ ಅಷ್ಟೇ ಅಲ್ಲ. ಮನೆಯವರು ಆಧಾರ್, ಪಾನ್, ಜಮೀನಿನ ಪತ್ರ, ಮಗಳ ಜಾತಕ, ಎಲ್ಲವನ್ನೂ ಅದೇ ಫೋಲ್ಡರಿಗೆ ಸುರಿದಿದ್ದರು. ಶೇರ್ ಮಾಡುವಾಗ 'ಎವೆರಿವನ್' ಅಂತ ಆರಿಸಿ, ಪಾಸ್‌ವರ್ಡ್ ರಕ್ಷಣೆಯನ್ನೂ ಆಫ್ ಮಾಡಿದ್ದರು. ಎವೆರಿವನ್ ಅಂದರೆ ಮನೆಯವರೆಲ್ಲ ಅಂತ ಅವರು ತಿಳಿದಿದ್ದರು. ಅಲ್ಲ, ಆ ವೈಫೈಗೆ ಸೇರಿದ ಯಾರು ಬೇಕಾದರೂ ಅಂತ. ಆ ಹುಡುಗಿ ನೋಡಿ ಹೇಳಿದಳು. ನೋಡಿಯೂ ಹೇಳದವರು ಇರುತ್ತಿದ್ದರೆ?

ಈಗಿನ ವಿಂಡೋಸ್ 11ರಲ್ಲಿ ಪಾಸ್‌ವರ್ಡ್ ಇಲ್ಲದ ಪ್ರವೇಶವನ್ನು ಬಿಗಿಮಾಡುತ್ತಾ ಬಂದಿದ್ದಾರೆ. ಆದರೂ ನಮ್ಮ ಕೈಯಲ್ಲಿರೋದನ್ನ ನಾವು ಮಾಡಿಕೊಳ್ಳಬೇಕು. ಬಹಳಷ್ಟು ರೂಟರಿನಲ್ಲಿ 'ಗೆಸ್ಟ್ ನೆಟ್‌ವರ್ಕ್' ಅಂತ ಇನ್ನೊಂದು ವೈಫೈ ಹೆಸರು ಮಾಡುವ ಸೌಲಭ್ಯ ಇರುತ್ತೆ. ಅದು ನಮ್ಮ ಕಟ್ಟೆಯಿದ್ದ ಹಾಗೆ. ಬಂದವರು ಕಟ್ಟೆ ಮೇಲೆ ಕೂತು ನೆಟ್ ನೋಡಿಕೊಳ್ಳಬಹುದು, ನಡುಮನೆಗೆ ಬರೋಕಾಗಲ್ಲ. ಬಾಡಿಗೆಯವರಿಗೆ, ನೆಂಟರಿಗೆ, ಅಂಗಡಿಗೆ ಬರುವ ಗಿರಾಕಿಗೆ ಅದನ್ನೇ ಕೊಡಿ. ನಾವು ಅದೇ ಸಂಜೆ ಮನೆಯ ವೈಫೈ ಪಾಸ್‌ವರ್ಡ್ ಬದಲಿಸಿದೆವು, ಪತ್ರಗಳ ಫೋಲ್ಡರನ್ನು ಶೇರಿನಿಂದ ತೆಗೆದೆವು. ಇನ್ನೊಂದು ಮಾತು, ಇಡೀ ಡಿ ಡ್ರೈವನ್ನು ಶೇರ್ ಮಾಡೋ ಅಭ್ಯಾಸ ಬಹಳ ಮನೆಗಳಲ್ಲಿದೆ. ಸಕ್ಕರೆ ಕೇಳಿದ ಪಕ್ಕದ ಮನೆಯವರಿಗೆ ಉಗ್ರಾಣದ ಬೀಗದಕೈಯನ್ನೇ ಕೊಡ್ತೀರಾ? ಬೇಕಾದ ಫೋಲ್ಡರ್ ಒಂದನ್ನೇ ಮಾಡಿ.

ಅಳಿಸಿದ್ದು ಕಸದಬುಟ್ಟಿಗೂ ಹೋಗಲ್ಲ

ಮೊಳಕಾಲ್ಮುರುವಿನಲ್ಲಿ ನಾನು ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. ಬೇಸಿಗೆಯಲ್ಲಿ ಎಲ್ಲ ಸರಿಮಾಡಿಕೊಟ್ಟೆ ಅಂದೆನಲ್ಲ, ಹೊರಡುವ ದಿನ ತಂಗಿ, "ಹೊಸ ಫೋಟೋ ಇಲ್ಲಿಂದಲೇ ಅಲ್ಲಿಗೆ ಹಾಕೋಕೆ ಬರಂಗೆ ಮಾಡಕ್ಕ" ಅಂದಳು. ಬಸ್ಸಿಗೆ ಹೊತ್ತಾಗಿತ್ತು. ರೀಡ್ ಇದ್ದದ್ದನ್ನು ರೀಡ್/ರೈಟ್ ಮಾಡಿದೆ. ಸೀರೆ ಫೋಟೋ, ನಕ್ಷೆ, ಲೆಕ್ಕ ಎಲ್ಲವೂ ಒಂದೇ ದೊಡ್ಡ ಫೋಲ್ಡರಿನ ಒಳಗಿತ್ತು. ಬೇರೆ ಮಾಡೋಕೆ ಹತ್ತು ನಿಮಿಷ ಬೇಕಿತ್ತು. ಆ ಹತ್ತು ನಿಮಿಷ ನಾನು ಕೊಡಲಿಲ್ಲ.

ಆಷಾಢ ಬಂತು. ಮದುವೆಯಿಲ್ಲ, ಗಿರಾಕಿಯಿಲ್ಲ, ವರಮಹಾಲಕ್ಷ್ಮಿಗೆ ಅಂತ ಸೀರೆ ಕೂಡಿಡುವ ಕಾಲ. ತಂಗಿಯ ಓರಗಿತ್ತಿಯ ಮಗ, ಎಂಟನೇ ಕ್ಲಾಸಿನವನು, "ಚಿಕ್ಕಮ್ಮ, ಸ್ವಲ್ಪ ಲ್ಯಾಪ್‌ಟಾಪ್ ಕೊಡಿ" ಅಂತ ತಗೊಂಡ. ಗೇಮ್ ಹಾಕೋಕೆ ಜಾಗ ಸಾಲಲಿಲ್ಲ. ಏನೇನಿದೆ ಅಂತ ನೋಡಿದ. ಝಡ್‌ನಲ್ಲಿ ರಾಶಿ ಫೋಟೋ. ಪಡಸಾಲೆ ಕಂಪ್ಯೂಟರಿನಲ್ಲೂ ಇವೇ ಫೋಟೋ ಇರೋದು ಅವನಿಗೆ ಗೊತ್ತು. 'ಅಲ್ಲಿ ಹೆಂಗೂ ಇದಾವಲ್ಲ, ಇಲ್ಯಾಕೆ ಇನ್ನೊಂದು ಸಲ' ಅಂದುಕೊಂಡು ಅಳಿಸಿದ. ಶಾಶ್ವತವಾಗಿ ಅಳಿಸಲಾ ಅಂತ ಅದು ಇಂಗ್ಲಿಷಿನಲ್ಲಿ ಕೇಳಿತು. ಎಸ್ ಒತ್ತಿದ. ಜಾಗ ಮಾತ್ರ ಒಂದಿಷ್ಟೂ ಹೆಚ್ಚಾಗಲಿಲ್ಲ!

ಹುಡುಗನದು ತಪ್ಪು ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ದೊಡ್ಡವರೂ ಹಾಗೇ ತಿಳಿದಿರುತ್ತಾರೆ. ಝಡ್‌ನಲ್ಲಿ ಕಾಣೋದು ಪ್ರತಿ ಅಲ್ಲ, ಅದು ಕಿಟಕಿ. ಕಿಟಕಿಯಲ್ಲಿ ಕೈ ಹಾಕಿ ಆ ಕಡೆಯ ಸಾಮಾನನ್ನೇ ಎತ್ತಿ ಬಿಸಾಡಿದ ಹಾಗೆ. ಇನ್ನೂ ಕೆಟ್ಟ ಸಂಗತಿ ಏನೂಂದ್ರೆ, ಹೀಗೆ ನೆಟ್‌ವರ್ಕಿನ ಮೂಲಕ ಅಳಿಸಿದ್ದು ರಿಸೈಕಲ್ ಬಿನ್ನಿಗೆ ಹೋಗೋದಿಲ್ಲ. ಈ ಕಂಪ್ಯೂಟರಿನದಕ್ಕೂ ಇಲ್ಲ, ಆ ಕಂಪ್ಯೂಟರಿನದಕ್ಕೂ ಇಲ್ಲ. ನೇರ ಮಾಯ.

ತಂಗಿ ಫೋನ್ ಮಾಡಿದಾಗ ಅವಳ ದನಿಯೇ ಹೊರಡುತ್ತಿರಲಿಲ್ಲ. ನಾನು ಹೇಳಿದ್ದು ಒಂದೇ, "ಆ ಕಂಪ್ಯೂಟರನ್ನ ಈಗಲೇ ಆಫ್ ಮಾಡಿಸು, ಯಾರೂ ಮುಟ್ಟಬೇಡಿ." ಅಳಿಸಿದ ಫೈಲು ಹಳೇ ಹಾರ್ಡ್ ಡಿಸ್ಕಿನಲ್ಲಿ ತಕ್ಷಣ ಸಾಯೋದಿಲ್ಲ. ಆ ಜಾಗ ಖಾಲಿ ಅಂತ ಗುರುತು ಮಾಡಿರುತ್ತೆ ಅಷ್ಟೆ. ಅದರ ಮೇಲೆ ಹೊಸದು ಬರೆದರೆ ಮುಗಿಯಿತು. ಈಗಿನ ಎಸ್‌ಎಸ್‌ಡಿ ಆಗಿದ್ದರೆ ಆ ಆಸೆಯೂ ಕಡಿಮೆ. ಅವರದು ಹಳೇ ಡಿಸ್ಕ್, ಅದೃಷ್ಟ. ತಂಗಿಯ ಮೈದುನ ಡಬ್ಬ ಹೊತ್ತುಕೊಂಡು ರಿಪೇರಿ ಅಂಗಡಿಗೆ ಹೋದರು. ಎರಡು ದಿನ ಹಿಡಿಯಿತು. ಸೀರೆ ಫೋಟೋ ಬಹುಪಾಲು ವಾಪಸ್ ಬಂದವು, ಆದರೆ ಹೆಸರಿಲ್ಲ, ತಾರೀಕಿಲ್ಲ, ಬರೀ ನಂಬರು. ಲೆಕ್ಕದ ಫೈಲು ಬಂತು. ಅತ್ತೆಯ ನಕ್ಷೆ ಅರವತ್ತನಾಲ್ಕು ಇದ್ದವು, ನಲವತ್ತೊಂದು ತೆರೆದುಕೊಂಡವು. ಕೆಲವು ಅರ್ಧ ಕಂಡು ಅರ್ಧ ಬೂದಿ ಬಣ್ಣ. ಉಳಿದವು ಇಲ್ಲವೇ ಇಲ್ಲ.

ಅತ್ತೆ ಯಾರನ್ನೂ ಬೈಯಲಿಲ್ಲವಂತೆ. ಮೊಮ್ಮಗ ಊಟ ಬಿಟ್ಟು ಅಳ್ತಾ ಕೂತಿದ್ದ. ಅವನ ಕೈಯಲ್ಲೇ ಅಂಗಡಿಯಿಂದ ಗ್ರಾಫ್ ಹಾಳೆ ತರಿಸಿ, ಕನ್ನಡಕ ಹಾಕಿಕೊಂಡು ನೆನಪಿದ್ದಷ್ಟು ಬರೆಯೋಕೆ ಕೂತರು. ಒಂಬತ್ತು ನೆನಪಾದವು. ಹಂಸದ ಅಂಚು ಒಂದಿತ್ತು, ಅದರ ಕತ್ತಿನ ತಿರುವು ಮಾತ್ರ ಎಷ್ಟು ಸಲ ಬರೆದರೂ "ಅದಲ್ಲ ಇದು" ಅಂತ ಅಳಿಸುತ್ತಿದ್ದರಂತೆ.

ಅದಾದ ಮೇಲೆ ನಾನು ಮತ್ತೆ ಹೋಗಿ ಹೊಸದಾಗಿ ಮಾಡಿಕೊಟ್ಟದ್ದು ಹೀಗೆ. ನಕ್ಷೆ ಮತ್ತು ಹಳೇ ಸೀರೆ ಫೋಟೋ ಎಲ್ಲರಿಗೂ ರೀಡ್ ಮಾತ್ರ. ತಂಗಿಗೂ ಅಷ್ಟೆ. ಅಕ್ಕ, ಅವಳು ವ್ಯಾಪಾರ ಮಾಡೋಳು ಅಂದರೆ ಅದಕ್ಕೂ ದಾರಿ ಇದೆ. 'ಹೊಸದು' ಅಂತ ಬೇರೆ ಫೋಲ್ಡರ್, ಅದರಲ್ಲಿ ಅವಳಿಗೆ ರೀಡ್/ರೈಟ್. ತಿಂಗಳಿಗೊಮ್ಮೆ ಪಡಸಾಲೆ ಕಂಪ್ಯೂಟರಿನಲ್ಲೇ ಕೂತು ಹೊಸದರಿಂದ ಹಳೆಯದಕ್ಕೆ ಸರಿಸುತ್ತಾಳೆ. ಲೆಕ್ಕದ ಫೋಲ್ಡರ್ ತಂಗಿಗೆ ಮತ್ತು ಅವಳ ಮೈದುನನಿಗೆ ಮಾತ್ರ. ಮೊದಲು ಮೈದುನ ಸ್ವಲ್ಪ ಮುಖ ಗಂಟು ಹಾಕಿದರು, "ಅತ್ತಿಗೆಗೆ ಲೆಕ್ಕ ಯಾಕೆ" ಅಂತ. ಅವಳು ಮಾರಿದ ಸೀರೆಯ ದುಡ್ಡು ಅವಳೇ ಬರೆಯಲಿ ಅಂತ ಮಾವನವರೇ ಹೇಳಿದರು. ಎಕ್ಸೆಲ್ ಫೈಲನ್ನು ಒಬ್ಬರು ತೆರೆದಿದ್ದಾಗ ಇನ್ನೊಬ್ಬರಿಗೆ ಬರೀ ಓದೋಕೆ ಕೊಡುತ್ತೆ, ತಿದ್ದೋಕೆ ಬಿಡಲ್ಲ. ಅದು ಕೆಟ್ಟಿದೆ ಅಂದುಕೊಳ್ಳಬೇಡಿ, ಒಂದೇ ಪುಸ್ತಕದಲ್ಲಿ ಇಬ್ಬರು ಒಟ್ಟಿಗೆ ಬರೆದು ಗೀಚದಿರಲಿ ಅಂತ ಆ ವ್ಯವಸ್ಥೆ. ಅತ್ತಿಗೆ ಮೈದುನ ಈಗ ಅಡುಗೆಮನೆಯಿಂದ ಪಡಸಾಲೆಗೆ "ಲೆಕ್ಕ ಮುಚ್ರೀ, ನಾನು ಬರೀಬೇಕು" ಅಂತ ಕೂಗಾಡ್ತಾರೆ! ಹುಡುಗನಿಗೆ ಲ್ಯಾಪ್‌ಟಾಪಿನಲ್ಲಿ ಬೇರೆ ಖಾತೆ. ಅದರಲ್ಲಿ ಝಡ್ ಕಾಣೋದೇ ಇಲ್ಲ.

ಹಳೇ ಕಂಪ್ಯೂಟರ್ ಇದ್ದವರಿಗೆ

ನಿಮ್ಮ ಮನೆಯ ದೊಡ್ಡದು ಇನ್ನೂ ವಿಂಡೋಸ್ ಎಕ್ಸ್‌ಪಿಯ ಕಾಲದ್ದಾದರೆ ಹೊಸ ಲ್ಯಾಪ್‌ಟಾಪು ಅದರ ಜೊತೆ ಮಾತೇ ಆಡೋದಿಲ್ಲ. ಫೈಲು ಹಂಚುವ ಭಾಷೆಗೆ ಎಸ್‌ಎಂಬಿ ಅಂತ ಹೆಸರು, ಎಕ್ಸ್‌ಪಿಗೆ ಗೊತ್ತಿರೋದು ಅದರ ಮೊದಲನೇ ಆವೃತ್ತಿ ಮಾತ್ರ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ವೈರಸ್ ಆ ಆವೃತ್ತಿಯ ಲೋಪದಲ್ಲೇ ನುಸುಳಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹಬ್ಬಿ, ಇಂಗ್ಲೆಂಡಿನ ಆಸ್ಪತ್ರೆಗಳ ಕೆಲಸವನ್ನೂ ನಿಲ್ಲಿಸಿತ್ತು. ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುತ್ತಿತ್ತು. ಅದೇ ವರ್ಷದ ಕೊನೆಯಿಂದ ವಿಂಡೋಸ್ 10ರ ಹೊಸ ಆವೃತ್ತಿಗಳಲ್ಲಿ ಅದನ್ನು ಮೊದಲೇ ಕಿತ್ತುಹಾಕಿ ಕೊಡುತ್ತಾ ಬಂದರು. ಯಾರಾದರೂ "ಎಸ್‌ಎಂಬಿ ಒಂದು ಆನ್ ಮಾಡಿದ್ರೆ ಬರುತ್ತೆ" ಅಂದರೆ ಬೇಡ. ಹಳೆಯದರಲ್ಲಿರೋದನ್ನು ಒಮ್ಮೆ ಪೂರ್ತಿ ಹೊರತೆಗೆದು, ಅದಕ್ಕೆ ಕುಂಕುಮ ಇಟ್ಟು ಬೀಳ್ಕೊಡಿ. ವಿಂಡೋಸ್ 7ಕ್ಕೆ 2020ರಲ್ಲೇ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ಮುಗಿದಿದೆ. 'ಹೋಮ್‌ಗ್ರೂಪ್' ಮಾಡಿ ಅಂತ ಹಳೇ ಪುಸ್ತಕದಲ್ಲಿ ಓದಿ ಹುಡುಕಬೇಡಿ, ಅದನ್ನು 2018ರಲ್ಲಿ ತೆಗೆದುಹಾಕಿದ್ದಾರೆ.

ಕೊನೆಯದಾಗಿ ಪ್ರತಿಯ ಮಾತು. ಶೇರ್ ಮಾಡಿದ್ದು ಪ್ರತಿ ಅಲ್ಲ ಅಂತ ನಾವು ದುಬಾರಿಯಾಗಿ ಕಲಿತೆವಲ್ಲ, ತಂಗಿ ಈಗ ಒಂದು ಹೊರಗಿನ ಹಾರ್ಡ್ ಡಿಸ್ಕ್ ತಂದಿದ್ದಾಳೆ. ಅಮಾವಾಸ್ಯೆಗೆ ಮಗ್ಗ ನಿಲ್ಲಿಸಿ ಪೂಜೆ ಮಾಡುವ ದಿನ ಎಲ್ಲ ಫೋಲ್ಡರಿನ ಪ್ರತಿ ಅದಕ್ಕೆ ಹೋಗುತ್ತೆ, ಆಮೇಲೆ ತಂತಿ ಕಿತ್ತು ಬೀರುವಿಗೆ. ಸದಾ ಸಿಕ್ಕಿಸಿಟ್ಟರೆ ವೈರಸ್ ಬಂದಾಗ ಅದೂ ಹೋಗುತ್ತೆ. ಎರಡನೆಯ ಡಿಸ್ಕ್ ಚಳ್ಳಕೆರೆಯಲ್ಲಿ, ನನ್ನ ಬಳಿ. ಅವಳು ಹಬ್ಬಕ್ಕೆ ಬಂದಾಗ ಹೊಸದು ಕೊಟ್ಟು ಹಳೆಯದು ಒಯ್ಯುತ್ತಾಳೆ. ಹೋದ ಸಲ ಅದನ್ನು ಒಂದು ರವಿಕೆ ಕಣದಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದಿದ್ದಳು. ಬಿಚ್ಚಿ ನೋಡಿದರೆ ಕಣದ ಅಂಚಿನಲ್ಲಿ ಹಂಸ. "ಕತ್ತು ಸರಿಯಾಗೈತಾ ನೋಡಕ್ಕ, ಅತ್ತೆ ಕೇಳಿ ಕಳಿಸ್ಯಾರೆ" ಅಂದಳು.